‘ಮೈಂಡ್’ ಅಂದ್ರೆ ಎಷ್ಟು ಅರ್ಥ ಮಾರಾಯ್ರೆ? ‘ವುಡ್ ಯೂ ಮೈಂಡ್’ಗೆ ಎಸ್ ಹೇಳ್ಬೇಕಾ ನೋ ಹೇಳ್ಬೇಕಾ?

ಕಟಪಾಡಿ_ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಸ್ಟಾಫ್ ನರ್ಸ್, ಈಗ ಯುಕೆಗೆ ಟ್ರೈ ಮಾಡ್ತಾ ಇದ್ದೇನೆ, ಹಾಗಾಗಿ ಡ್ಯೂಟಿ ಮುಗಿಸಿ ಬಂದು ಒಇಟಿಗೆ ಓದುವುದು. ಗೊತ್ತಿಲ್ಲದವರಿಗೆ ಹೇಳ್ತೇನೆ, ಒಇಟಿ ಅಂದ್ರೆ ಆಸ್ಪತ್ರೆ ಕೆಲಸದವರಿಗೇ ಅಂತ ಇರುವ ಇಂಗ್ಲಿಷ್ ಪರೀಕ್ಷೆ. ಸ್ಪೀಕಿಂಗಲ್ಲಿ ಎರಡು ರೋಲ್ ಪ್ಲೇ ಉಂಟು, ಒಂದೊಂದು 5 ನಿಮಿಷ, ನಾವು ನರ್ಸ್, ಎದುರಿಗೆ ಕೂತವರು ಪೇಷಂಟ್ ಆಗಿ ಮಾತಾಡ್ತಾರೆ.

ಬಾಕಿದ್ದೆಲ್ಲ ಹೇಗೋ ಆಗ್ತದೆ, ಈ ‘ಮೈಂಡ್’ ಒಂದು ತಲೆ ತಿಂತಾ ಉಂಟು. ಹಾಸ್ಟೆಲಲ್ಲಿ ಪ್ರಾಕ್ಟೀಸ್ ಮಾಡುವಾಗ ಬಿಪಿ ನೋಡ್ಲಿಕ್ಕೆ ಅಂತ ‘ವುಡ್ ಯೂ ಮೈಂಡ್ ರೋಲಿಂಗ್ ಅಪ್ ಯುವರ್ ಸ್ಲೀವ್’ ಅಂತ ಕೇಳಿದ್ರೆ ಒಬ್ಬಳು ‘ಎಸ್’ ಹೇಳಿ ತೋಳು ಮೇಲೆ ಮಾಡಿದ್ಲು, ಇನ್ನೊಬ್ಬಳು ‘ನೋ’ ಹೇಳಿ ತೋಳು ಮೇಲೆ ಮಾಡಿದ್ಲು. ಆಮೇಲೆ ಯಾರದ್ದು ಸರಿ ಅಂತ ಅವರಿಬ್ಬರಿಗೇ ಜಗಳ, ಬಿಪಿ ನೋಡ್ಬೇಕಾದ್ದು ಹಾಗೇ ಬಾಕಿ.

ಅದಲ್ಲದೆ ಲಿಸನಿಂಗ್ ಆಡಿಯೋದಲ್ಲಿ ‘ಮೈ ಮದರ್ ಮೈಂಡ್ಸ್ ದ ಕಿಡ್ಸ್’, ‘ಮೈಂಡ್ ಯುವರ್ ಹೆಡ್’, ‘ಮೈಂಡ್ ಯೂ’ ಅಂತೆಲ್ಲ ಬರ್ತದೆ. ಡಿಕ್ಷನರಿ ತೆಗೆದ್ರೆ ಮನಸ್ಸು, ನೆನಪು, ಗಮನಿಸು, ಜಾಗ್ರತೆ ವಹಿಸು, ನೋಡಿಕೊ, ಆಕ್ಷೇಪಿಸು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಇದನ್ನೆಲ್ಲ ಬಾಯಿಪಾಠ ಮಾಡುವುದಾ ಅಥವಾ ಹಿಡೀಲಿಕ್ಕೆ ಎಂತಾದ್ರೂ ದಾರಿ ಉಂಟಾ? ಗೊತ್ತಿದ್ದವರು ಹೇಳಿ ದಯವಿಟ್ಟು.

ತೊಕ್ಕೊಟ್ಟಿನವ:

ಸಿಸ್ಟರೇ ನಮಗೆ ಇದು ಕಲೀಲಿಕ್ಕೇ ಇಲ್ಲ, ಹುಟ್ಟಿದಾಗಿಂದ ಗೊತ್ತುಂಟು. ‘ನಾನು ಅಷ್ಟು ಸಲ ಕರೆದೆ, ಅವ ಮೈಂಡೇ ಮಾಡ್ಲಿಲ್ಲ.’ ತುಳುವಲ್ಲಿ ‘ಆಯೆ ಮೈಂಡೇ ಮಲ್ಪುಜೆ’. ಕಾಸರಗೋಡು ದಾಟಿದ್ರೆ ಮಲಯಾಳದಲ್ಲೂ ಇದೇ ಮೈಂಡ್. ಅಂದ್ರೆ ಕ್ಯಾರ್ ಮಾಡ್ಲಿಲ್ಲ, ಲೆಕ್ಕಕ್ಕೇ ತಕೊಳ್ಳಲಿಲ್ಲ. ಬೆಂಗ್ಳೂರಿನವರಿಗೆ ಹೇಳಿದ್ರೆ ಅರ್ಥ ಆಗುದಿಲ್ಲ, ನಮ್ಮ ರೂಮ್‌ಮೇಟ್ ಒಬ್ಬ ‘ಮೈಂಡ್ ಮಾಡೋದು ಅಂದ್ರೆ ಏನ್ ಗುರು’ ಅಂತ ಕೇಳ್ತಿದ್ದ 😄

ಕುಂದಾಪ್ರದ_ಮಾಣಿ:

ಎಸ್ಸಾ ನೋವಾ ಅನ್ನುದಕ್ಕೆ ನಮ್ ಬದಿಯಲ್ಲಿ ಬಾರೀ ಸುಲಭದ ದಾರಿ ಇತ್ತ್ ಕಾಣಿ. ‘ಮೈಂಡ್’ ಇದ್ದಲ್ಲಿ ‘ಅಡ್ಡಿ’ ಹಾಕಿ ನೋಡಿ. ‘ತೋಳು ಸ್ವಲ್ಪ ಮೇಲೆ ಮಾಡ್ರೆ ಅಡ್ಡಿ ಇತ್ತಾ?’ ನೀವೆಂತ ಹೇಳ್ತ್ರಿ? ‘ಅಡ್ಡಿಲ್ಲೆ’ ಅಂದೇ ಹೇಳುದಲ್ದಾ? ‘ಹೌದು’ ಅಂದ್ರೆ ಅಡ್ಡಿ ಇತ್ತ್ ಅಂತ ಆಯ್ತಲ್ದಾ, ಮತ್ತೆ ತೋಳು ಎಂತಕ್ಕೆ ಮೇಲೆ ಮಾಡೂದ್? ಹಾಂಗಾಗಿ ನೋ ಹೇಳಿದವ್ಳದ್ದೇ ಸರಿ. ಮುಗೀತ್.

ಸಾಫ್ಟ್‌ವೇರ್_ಸುರತ್ಕಲ್:

ಥಿಯರಿ ಎಲ್ಲ ಓಕೆ ಬ್ರೋ ಆದ್ರೆ ನಾನು ದಿನಾ ಯುಕೆ ಕ್ಲೈಂಟ್ ಜೊತೆ ಕಾಲಲ್ಲಿ ಇರ್ತೇನೆ, ಅವರೇ ‘ವುಡ್ ಯೂ ಮೈಂಡ್ ಶೇರಿಂಗ್ ಯುವರ್ ಸ್ಕ್ರೀನ್’ ಅಂದ್ರೆ ಅವರಲ್ಲೇ ಇನ್ನೊಬ್ಬ ‘ಯಾ ಶೂರ್’ ಅಂತ ಹೇಳ್ತಾನೆ. ಯಾರೂ ತಪ್ಪು ತಿಳ್ಕೊಳ್ಳುದಿಲ್ಲ. ಗ್ರಾಮರ್ ಜಾಸ್ತಿ ತಲೆಗೆ ಹಚ್ಕೊಂಡ್ರೆ ಬಾಯಿಗೆ ಬೀಗ ಬೀಳ್ತದೆ ಅಷ್ಟೆ. ‘ಶೂರ್’ ಹೇಳಿ ಕೆಲಸ ಮಾಡಿ.

ಬಿಜೈ_ಮೇಷ್ಟ್ರು:

ಕುಂದಾಪ್ರದ ಮಾಣಿ ಹೇಳಿದ್ದು ನೂರಕ್ಕೆ ನೂರು ಸರಿ, ನಾನು ರಿಟೈರ್ ಆಗುವವರೆಗೆ ಕ್ಲಾಸಲ್ಲಿ ಇದೇ ‘ಅಡ್ಡಿ’ಯನ್ನೇ ಇಟ್ಕೊಂಡು ಪಾಠ ಮಾಡಿದವ. ಸುರತ್ಕಲ್‌ನವರು ಹೇಳಿದ್ದೂ ಸುಳ್ಳಲ್ಲ, ಅಲ್ಲಿಯವರು ಪದಕ್ಕೆ ಉತ್ತರ ಕೊಡುವುದಲ್ಲ, ಕೇಳಿದವರ ಉದ್ದೇಶಕ್ಕೆ ಉತ್ತರ ಕೊಡುವುದು, ಹಾಗಾಗಿ ‘ಶೂರ್’ ನಡೀತದೆ. ಆದ್ರೆ ‘ಶೂರ್’ ಬೇರೆ, ಬರೀ ‘ಎಸ್’ ಬೇರೆ. ಮುಖ ಗಂಟು ಹಾಕಿ ‘ಎಸ್’ ಅಂದ್ರೆ ಅದು ‘ಹೌದು, ನನಗೆ ಆಗುದಿಲ್ಲ’ ಅಂತ್ಲೇ. ಪರೀಕ್ಷೆಗೆ ಹೋಗುವವರು ‘ನಾಟ್ ಅಟ್ ಆಲ್’ ಅಥವಾ ‘ನೋ, ಆಫ್ ಕೋರ್ಸ್ ನಾಟ್’ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಈಗ ಸಿಸ್ಟರ್ ಕೇಳಿದ ಮುಖ್ಯ ಪ್ರಶ್ನೆ, ಇಷ್ಟೂ ಅರ್ಥಕ್ಕೆ ಸಂಬಂಧ ಉಂಟಾ ಅಂತ. ಉಂಟಮ್ಮ. ಹಳೇ ಇಂಗ್ಲಿಷಲ್ಲಿ ‘ಗೆಮಿಂಡ್’ ಅಂತ ಒಂದು ಪದ ಇತ್ತು, ಅದರ ಅರ್ಥ ನೆನಪು. ಅದರ ಬೇರು, ಲ್ಯಾಟಿನ್ನಿನ ‘ಮೆನ್ಸ್’ ಪದದ ಬೇರು, ನಮ್ಮ ಸಂಸ್ಕೃತದ ‘ಮನಸ್’ ಪದದ ಬೇರು ಎಲ್ಲ ಒಂದೇ. ಅಂದ್ರೆ ನಾವು ದಿನಾ ಹೇಳುವ ಮನಸ್ಸು ಈ ಮೈಂಡಿಗೆ ದಾಯಾದಿ. ಈಗ ಆ ನೆನಪಿನಿಂದ ಹೊರಡಿ. ನೆನಪಲ್ಲಿ ಇಟ್ಕೊಂಡವ ಅದರ ಮೇಲೆ ಒಂದು ಕಣ್ಣೂ ಇಡ್ತಾನೆ, ಕಣ್ಣಿಟ್ಟವ ಜಾಗ್ರತೆ ಮಾಡ್ತಾನೆ, ನೋಡ್ಕೊಳ್ತಾನೆ. ಅಲ್ಲಿಗೆ ಮಕ್ಕಳನ್ನು ‘ಮೈಂಡ್’ ಮಾಡುವುದೂ ಆಯ್ತು, ತಲೆ ‘ಮೈಂಡ್’ ಮಾಡುವುದೂ ಆಯ್ತು. ಹಳೇ ಹಂಚಿನ ಮನೆಗಳಲ್ಲಿ ಬಾಗಿಲು ತಗ್ಗು ಇರ್ತದಲ್ಲ, ಹೊಸಬರು ಒಳಗೆ ಬರುವಾಗ ಮನೆಯವರು ‘ತಲೆ ನೋಡಿ, ತಲೆ ನೋಡಿ’ ಅಂತ ಕೂಗ್ತಾರೆ. ಯಾರಾದ್ರೂ ತಿರುಗಿ ಯಾರ ತಲೆ ಅಂತ ಕೇಳ್ತಾರಾ? ಬಗ್ಗಿ ಅಂತ ಅರ್ಥ. ‘ಮಗುವನ್ನು ನೋಡ್ಕೊ’ ಅಂದಾಗ್ಲೂ ಅದೇ ನೋಡು. ಒಂದೇ ‘ನೋಡು’ವಿನಲ್ಲಿ ನಾವು ಎಷ್ಟು ಕೆಲಸ ಮಾಡ್ತೇವೆ ಅಂತ ಲೆಕ್ಕ ಹಾಕಿದ್ರೆ ಇಂಗ್ಲಿಷಿನವರ ಮೇಲೆ ಅಷ್ಟು ಕೋಪ ಬರುದಿಲ್ಲ.

ಕಡೆಗೆ ಈ ಆಕ್ಷೇಪದ ಅರ್ಥ, ಇದೇ ಜನರಿಗೆ ಕಷ್ಟ ಆಗುವುದು. ಯಾರೋ ಎಂತದೋ ಹೇಳಿದ್ರೆ ನಾವು ‘ಮನಸ್ಸಿಗೆ ತಕೊಳ್ಬೇಡ ಮಾರಾಯ’ ಅಂತ ಸಮಾಧಾನ ಮಾಡುವುದಿಲ್ವಾ, ಮನಸ್ಸಿಗೆ ತಕೊಳ್ಳುವುದು ಅಂದ್ರೇ ಬೇಜಾರು ಮಾಡಿಕೊಳ್ಳುವುದು. ‘ಡು ಯೂ ಮೈಂಡ್’ ಅಂದ್ರೂ ಅಷ್ಟೇ, ನಿಮ್ಮ ಮನಸ್ಸಿಗೆ ಹಿಡಿಸದೇ ಹೋಗ್ತದಾ, ಬೇಜಾರಾಗ್ತದಾ ಅಂತ. ಇನ್ನೊಂದು ಸೂಕ್ಷ್ಮ ಉಂಟು. ಈ ಅರ್ಥದಲ್ಲಿ ಮೈಂಡ್ ಹೆಚ್ಚಾಗಿ ಪ್ರಶ್ನೆಯಲ್ಲಿ, ‘ನಾಟ್’ ಜೊತೆಯಲ್ಲಿ, ‘ಇಫ್’ ಜೊತೆಯಲ್ಲಿ ಮಾತ್ರ ಬರುವುದು. ಯಾರೂ ಕೇಳದೆ ನಾವೇ ಎದ್ದು ‘ಐ ಮೈಂಡ್ ದ ನಾಯ್ಸ್’ ಅಂತ ಶುರು ಮಾಡ್ಲಿಕ್ಕಾಗುದಿಲ್ಲ. ಯಾರಾದ್ರೂ ಕೇಳಿದ್ರೆ ಅಥವಾ ‘ನಿಮಗೆ ತೊಂದರೆ ಇಲ್ಲ ಅಲ್ವಾ’ ಅಂತ ಅವರೇ ಅಂದುಕೊಂಡ್ರೆ ಆಗ ‘ಆಕ್ಚುವಲಿ, ಐ ಡು ಮೈಂಡ್’ ಅಂತ ಎದುರು ಹೇಳ್ಬಹುದು.

ಮೈಂಡ್ ಆದ ಮೇಲೆ ಕ್ರಿಯಾಪದ ಬಂದ್ರೆ ‘ಇಂಗ್’ ಕಡ್ಡಾಯ, ‘ವುಡ್ ಯೂ ಮೈಂಡ್ ಟು ಓಪನ್’ ತಪ್ಪು, ‘ಓಪನಿಂಗ್’ ಆಗ್ಬೇಕು. ಇದು ನಮ್ಮ ಕಡೆ ತುಂಬಾ ಜನ ತಪ್ಪುವ ಜಾಗ.

ಡಬ್ಲಿನ್_ಅಕ್ಕ:

ನಾನೂ ಬೆಳ್ಮಣ್ ಕಡೆಯವಳು, ಈಗ ಐರ್ಲೆಂಡಲ್ಲಿ ನರ್ಸ್. ತಂಗಿ ನಿನ್ನ ಪೋಸ್ಟ್ ನೋಡಿ ನಗು ಬಂತು, ಇಲ್ಲಿಗೆ ಬಂದ ಮೇಲೆ ಈ ಮೈಂಡ್ ದಿನಕ್ಕೆ ಹತ್ತು ಸಲ ಕಿವಿಗೆ ಬೀಳ್ತದೆ, ಯುಕೆಯಲ್ಲೂ ಹೆಚ್ಚುಕಡಿಮೆ ಇದೇ. ವಾರ್ಡಲ್ಲಿ ಕೆಲಸಕ್ಕೆ ಬೇಕಾದಷ್ಟು ಹೇಳ್ತೇನೆ, ಮೇಷ್ಟ್ರ ಪಾಠದ ಜೊತೆ ಇದನ್ನೂ ಇಟ್ಕೊ.

ವಯಸ್ಸಾದ ಪೇಷಂಟ್ ಹತ್ರ ಟೀ ಬೇಕಾ ಕೇಳಿದ್ರೆ ‘ಐ ವುಡ್‌ನ್ಟ್ ಮೈಂಡ್ ಅ ಕಪ್’ ಅಂತ ಹೇಳ್ತಾರೆ. ಅದರಲ್ಲಿ ‘ನಾಟ್’ ಕೇಳ್ತದೆ ಅಂತ ಬೇಡ ಅಂದ್ಕೊಂಡು ಮುಂದಿನ ಬೆಡ್ಡಿಗೆ ಹೋಗ್ಬೇಡ, ಬೇಕು ಅಂತ ಅರ್ಥ, ಒಳ್ಳೇ ಬೇಕು ಅಂತಲೇ. ನಮ್ಮ ಅಜ್ಜಂದಿರು ‘ಒಂದು ಗ್ಲಾಸ್ ಚಾ ಆದ್ರೆ ಅಡ್ಡಿಲ್ಲ’ ಅಂತ ಹೇಳುದಿಲ್ವಾ, ಹಾಗೆ. ಆದ್ರೆ ‘ಟೀ ಆರ್ ಕಾಫಿ’ ಕೇಳಿದಾಗ ‘ಐ ಡೋಂಟ್ ಮೈಂಡ್’ ಅಂದ್ರೆ ಅದು ಬೇರೆ, ಯಾವುದಾದ್ರೂ ಆದೀತು ಅಂತ. ಅವರನ್ನು ಮತ್ತೆ ಮತ್ತೆ ಯಾವುದು ಯಾವುದು ಅಂತ ಕೇಳ್ತಾ ನಿಲ್ಬೇಡ, ಒಂದು ತಂದು ಕೊಡು.

ಇನ್ನು ಅಡ್ಮಿಷನ್ ಮಾಡುವಾಗ ತಾಯಂದಿರ ಹತ್ರ ‘ಹೂ ಈಸ್ ಮೈಂಡಿಂಗ್ ದ ಕಿಡ್ಸ್’ ಅಂತ ಕೇಳ್ಳಿಕ್ಕುಂಟು, ಮನೆಯಲ್ಲಿ ಮಕ್ಕಳನ್ನು ಯಾರು ನೋಡ್ಕೊಳ್ತಾರೆ ಅಂತ. ಉತ್ತರ ‘ಚೈಲ್ಡ್‌ಮೈಂಡರ್’ ಅಂತ ಬಂದ್ರೆ, ದುಡ್ಡು ತಕೊಂಡು ತನ್ನ ಮನೆಯಲ್ಲೇ ಮಕ್ಕಳನ್ನು ನೋಡ್ಕೊಳ್ಳುವವರು, ಇಂಗ್ಲೆಂಡಲ್ಲಿ ಇದಕ್ಕೆ ಆಫ್‌ಸ್ಟೆಡ್ ಅಂತ ಸರಕಾರಿ ಸಂಸ್ಥೆಯ ಹತ್ರ ರಿಜಿಸ್ಟ್ರೇಷನ್ ಎಲ್ಲ ಇರ್ತದೆ. ಐರ್ಲೆಂಡಲ್ಲಿ ಶಿಫ್ಟ್ ಮುಗಿಸಿ ಹೊರಡುವಾಗ ಅಜ್ಜಿಯಂದಿರು ‘ಮೈಂಡ್ ಯುವರ್‌ಸೆಲ್ಫ್ ನೌ’ ಅಂತ ಹೇಳ್ತಾರೆ. ಮೊದಲು ಕೇಳುವವರಿಗೆ ಗದರಿಸಿದ ಹಾಗೆ ಅನ್ನಿಸ್ಬಹುದು, ‘ಜಾಗ್ರತೆ ಆಯ್ತಾ ಮಗಾ’ ಅಂತ ಪ್ರೀತಿಯಲ್ಲಿ ಹೇಳುವುದದು.

ಒಂದು ಸೀರಿಯಸ್ ವಿಷಯ. ಬ್ಲಡ್ ತೆಗಿಲಿಕ್ಕೆ, ಕ್ಯಾತಿಟರ್ ಹಾಕ್ಲಿಕ್ಕೆ, ಪರದೆ ಎಳೆದು ಪರೀಕ್ಷೆ ಮಾಡ್ಲಿಕ್ಕೆ, ಅಂದ್ರೆ ಕನ್ಸೆಂಟ್ ಬೇಕಾದಲ್ಲೆಲ್ಲ ‘ವುಡ್ ಯೂ ಮೈಂಡ್’ ಬಿಟ್ಟುಬಿಡು. ‘ಈಸ್ ಇಟ್ ಓಕೆ ಇಫ್ ಐ…’ ಅಂತ ಕೇಳು, ಆಗ ಎಸ್ ಅಂದ್ರೆ ಎಸ್, ನೋ ಅಂದ್ರೆ ನೋ. ಮೈಂಡ್ ಹಾಕಿ ಕೇಳಿದಾಗ ಕಿವಿ ಸರಿ ಕೇಳದ ಪೇಷಂಟ್ ‘ಎಸ್’ ಅಂದ್ರೆ ಒಪ್ಪಿದ್ದಾ ಒಪ್ಪದ್ದಾ ಅಂತ ಯಾರಿಗೆ ಗೊತ್ತು? ನಮ್ಮಲ್ಲಿಂದ ಬಂದವರು ಮಾತ್ರ ಅಲ್ಲ, ಎಲ್ಲ ದೇಶದ ನರ್ಸ್‌ಗಳೂ ಪೇಷಂಟ್‌ಗಳೂ ಇರುವ ವಾರ್ಡಲ್ಲಿ ಇದು ದೊಡ್ಡ ವಿಷಯವೇ. ಸಂಶಯ ಇದ್ರೆ ಇನ್ನೊಂದು ಸಲ ಬೇರೆ ಮಾತಲ್ಲಿ ಕೇಳು, ಯಾರೂ ಬೈಯುದಿಲ್ಲ.

ವಲೆನ್ಸಿಯಾ_ಬಾಯ್:

ಮೇಷ್ಟ್ರೇ ಮೈಂಡ್ ಅಂದ್ರೆ ನೆನಪು ಅಂತ ನೀವು ಹೇಳಿದ ಮೇಲೆ ಒಂದು ಲೈಟ್ ಹೊತ್ತಿತು. ನಮ್ಮಲ್ಲಿ ಕ್ಯಾಥೊಲಿಕರಲ್ಲಿ ಯಾರಾದ್ರೂ ತೀರಿಹೋದ್ರೆ ಒಂದು ತಿಂಗಳಿಗೆ ಇಗರ್ಜಿಯಲ್ಲಿ ಅವರ ಆತ್ಮಕ್ಕಾಗಿ ಬಲಿಪೂಜೆ ಇಡ್ತೇವೆ, ಇಂಗ್ಲಿಷಲ್ಲಿ ಹಾಕುವಾಗ ‘ಮಂಥ್ಸ್ ಮೈಂಡ್ ಮಾಸ್’ ಅಂತ ಹಾಕ್ತಾರೆ. ನಾನು ಸಣ್ಣವನಿರುವಾಗಿಂದ ಓದ್ತಾ ಇದ್ದೇನೆ, ಇದೆಂತ ತಿಂಗಳ ಮನಸ್ಸು ಅಂತ ತಲೆಬುಡ ಗೊತ್ತಾಗ್ತಿರ್ಲಿಲ್ಲ. ಇದು ಆ ಹಳೇ ನೆನಪಿನ ಮೈಂಡೇ ಅಲ್ವಾ?

ಬಿಜೈ_ಮೇಷ್ಟ್ರು:

ಅದೇ, ಅದೇ! ತಿಂಗಳ ಸ್ಮರಣೆ ಅಂತ ಅರ್ಥ. ಐರ್ಲೆಂಡಿನ ಕ್ಯಾಥೊಲಿಕರಲ್ಲಿ ಇದು ಈಗ್ಲೂ ಜೋರು ಉಂಟು, ಡಬ್ಲಿನ್ ಅಕ್ಕನಿಗೆ ಗೊತ್ತಿರ್ಬಹುದು. ಇಂಗ್ಲೆಂಡಿನ ಮಾತಲ್ಲಿ ಹೆಚ್ಚುಕಡಿಮೆ ಸತ್ತುಹೋದ ಅರ್ಥ ನಮ್ಮ ಮಂಗಳೂರಿನ ವಲೆನ್ಸಿಯಾ, ಬೆಂದೂರು, ಕುಲಶೇಖರದಲ್ಲಿ ಬದುಕಿಕೊಂಡಿರುವುದು ನೋಡಿ. ಸ್ಕಾಟ್ಲೆಂಡಿನವರೂ ‘ಐ ಮೈಂಡ್ ದ ಡೇ’ ಅಂದ್ರೆ ಆ ದಿನ ನನಗೆ ನೆನಪುಂಟು ಅಂತ. ‘ರಿಮೈಂಡ್’ ಅಂತೂ ಎಲ್ಲರ ಮೊಬೈಲಲ್ಲೂ ಉಂಟಲ್ಲ.

ಸಾಫ್ಟ್‌ವೇರ್_ಸುರತ್ಕಲ್:

ಹಾಗಾದ್ರೆ ಈ ಮೈಂಡ್‌ಫುಲ್‌ನೆಸ್ ಎಂತ? ನಮ್ಮ ಆಫೀಸಲ್ಲಿ ಶುಕ್ರವಾರ ಮಧ್ಯಾಹ್ನ ಕಡ್ಡಾಯ ಸೆಷನ್ ಇಡ್ತಾರೆ, ಕಣ್ಣು ಮುಚ್ಚಿ ಉಸಿರು ನೋಡಿ ಅಂತಾರೆ, ಊಟ ಮಾಡಿ ಬಂದವರು ಅರ್ಧ ಜನ ಗೊರಕೆ. ಅದೂ ನೆನಪಾ?

ಬಿಜೈ_ಮೇಷ್ಟ್ರು:

ನಗಾಡ್ಬೇಡಿ, ಅದೂ ನೆನಪೇ. ಬೌದ್ಧರ ಪಾಲಿ ಗ್ರಂಥಗಳಲ್ಲಿ ‘ಸತಿ’ ಅಂತ ಪದ ಉಂಟು, ನಮ್ಮ ಸಂಸ್ಕೃತದ ‘ಸ್ಮೃತಿ’ಯೇ ಅದು. 1881ರಲ್ಲಿ ರೈಸ್ ಡೇವಿಡ್ಸ್ ಅನ್ನುವ ವಿದ್ವಾಂಸರು ಬೌದ್ಧ ಸುತ್ತಗಳನ್ನು ಇಂಗ್ಲಿಷಿಗೆ ತರುವಾಗ ಆ ಸತಿಗೆ ‘ಮೈಂಡ್‌ಫುಲ್‌ನೆಸ್’ ಅಂತ ಹಾಕಿದ್ರು. ನೂರು ವರ್ಷ ಅದು ವಿದ್ವಾಂಸರ ಪುಸ್ತಕದಲ್ಲೇ ಇತ್ತು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್ ಜಿನ್ ಅನ್ನುವವರು ದೀರ್ಘಕಾಲದ ನೋವಿನ ರೋಗಿಗಳಿಗೆ ಅಂತ ಕ್ಲಿನಿಕ್ ಶುರು ಮಾಡಿದ್ರು, ಅಲ್ಲಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ನಿಮ್ಮ ಆಫೀಸಿಗೆ ಬಂತು. ಗೊರಕೆ ಮಾತ್ರ ನಮ್ಮವರೇ ಸೇರಿಸಿದ್ದು.

ಕನ್ನಡದಲ್ಲಿ ಇದಕ್ಕೆ ಕೆಲವರು ‘ಸಾವಧಾನ’ ಅಂತ ಬರೀತಾರೆ. ಸಂಸ್ಕೃತದ ಲೆಕ್ಕದಲ್ಲಿ ತಪ್ಪಿಲ್ಲ, ಅವಧಾನ ಅಂದ್ರೆ ಗಮನ, ಅಷ್ಟಾವಧಾನದಲ್ಲಿ ಎಂಟು ಜನ ಎಂಟು ಕಡೆಯಿಂದ ಎಳೆದ್ರೂ ಅವಧಾನಿ ಎಲ್ಲಾ ಕಡೆ ಗಮನ ಇಡುವುದಲ್ವಾ. ಮದುವೆಯಲ್ಲಿ ಭಟ್ರು ‘ಸುಮುಹೂರ್ತೇ ಸಾವಧಾನ’ ಅಂತ ಹೇಳುವುದೂ ಗಮನ ಇಡಿ ಅಂತಲೇ. ಆದ್ರೆ ಆಡುಮಾತಲ್ಲಿ ಸಾವಧಾನ ಅಂದ್ರೆ ನಿಧಾನ ಅಂತ ಆಗಿಹೋಗಿದೆ, ‘ಸಾವಧಾನದಲ್ಲಿ ಬನ್ನಿ’ ಅಂದ್ರೆ ಅವಸರ ಬೇಡ ಅಂತ. ಹಾಗಾಗಿ ನನಗೆ ಆ ಅನುವಾದ ಅಷ್ಟು ರುಚಿಸುದಿಲ್ಲ, ‘ಎಚ್ಚರ’ ಅನ್ನುವುದು ಎಷ್ಟೋ ವಾಸಿ.

ಕುಂದಾಪ್ರದ_ಮಾಣಿ:

ಲಂಡನ್ ರೈಲಲ್ಲಿ ‘ಮೈಂಡ್ ದ ಗ್ಯಾಪ್’ ಅಂತ ಹೇಳ್ತ್ರಲೆ, ಟೀ ಶರ್ಟ್ ಮೇಲೆಲ್ಲ ಇರ್ತ್, ಅದೂ ಜಾಗ್ರತೆ ಅರ್ಥದ್ದೇ ಅಲ್ದಾ?

ಡಬ್ಲಿನ್_ಅಕ್ಕ:

ಹೌದಪ್ಪ. ಅಲ್ಲಿ ಕೆಲವು ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಬಾಗಿಕೊಂಡುಂಟು, ರೈಲಿನ ಬೋಗಿ ಮಾತ್ರ ನೇರ, ಹಾಗಾಗಿ ಮಧ್ಯದಲ್ಲಿ ಕಾಲು ಹೋಗುವಷ್ಟು ಸಂದು ಬೀಳ್ತದೆ. ಪ್ರತಿ ಸಲ ಒಬ್ಬ ಮನುಷ್ಯ ನಿಂತು ಕೂಗುವುದು ಬೇಡ ಅಂತ 1960ರ ದಶಕದ ಕೊನೆಗೆ ರೆಕಾರ್ಡ್ ಮಾಡಿ ಹಾಕಿದ್ದು. ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಿನ ನಾರ್ದರ್ನ್ ಲೈನಲ್ಲಿ ಆಸ್ವಾಲ್ಡ್ ಲಾರೆನ್ಸ್ ಅನ್ನುವ ನಟನ ಧ್ವನಿ ಇತ್ತು. ಆತ 2007ರಲ್ಲಿ ತೀರಿಹೋದ ಮೇಲೆ ಹೆಂಡತಿ ಆ ಸ್ಟೇಷನ್ನಿಗೆ ಹೋಗಿ ಕೂತು ಗಂಡನ ಸ್ವರ ಕೇಳ್ತಾ ಇದ್ರಂತೆ. ಹೊಸ ಸಿಸ್ಟಮ್ ಬಂದು ಆ ಸ್ವರ ನಿಂತಾಗ ಅವರು ಕೇಳಿಕೊಂಡ್ರು, 2013ರಲ್ಲಿ ಆ ಒಂದು ಪ್ಲಾಟ್‌ಫಾರ್ಮಿಗೆ ವಾಪಾಸ್ ಹಾಕಿದ್ರು. ಅಮೆರಿಕದವರು ಇದೇ ಅರ್ಥಕ್ಕೆ ಹೆಚ್ಚಾಗಿ ‘ವಾಚ್’ ಹಾಕ್ತಾರೆ, ‘ವಾಚ್ ಯುವರ್ ಸ್ಟೆಪ್’. ಬ್ರಿಟನ್ ಐರ್ಲೆಂಡಲ್ಲಿ ಮೈಂಡೇ ಜಾಸ್ತಿ.

ಕಟಪಾಡಿ_ಸಿಸ್ಟರ್:

ಅಬ್ಬಾ, ಇಷ್ಟು ಜನ ಬರೀತೀರಿ ಅಂತ ಗ್ರಹಿಸಿರ್ಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ‘ಅಡ್ಡಿ’ ಹಾಕಿ ನೋಡುವುದು ಹಾಸ್ಟೆಲಲ್ಲಿ ಎಲ್ಲರಿಗೂ ಹೇಳಿಕೊಟ್ಟೆ, ಜಗಳ ನಿಂತಿತು. ಅಕ್ಕ ನೀವು ಕನ್ಸೆಂಟ್ ಬಗ್ಗೆ ಹೇಳಿದ್ದು ಬರೆದಿಟ್ಟುಕೊಂಡಿದ್ದೇನೆ. ಮೇಷ್ಟ್ರೇ, ‘ಮೈಂಡ್ ಯೂ’ ಮತ್ತೆ ‘ನೆವರ್ ಮೈಂಡ್’ ಬಾಕಿ ಆಯ್ತು, ಅದೊಂದು ಹೇಳಿಬಿಡಿ.

ಬಿಜೈ_ಮೇಷ್ಟ್ರು:

‘ಮೈಂಡ್ ಯೂ’ ಅಂದ್ರೆ ‘ಆದ್ರೂ ಒಂದು ಮಾತು’ ಅಂತ ತಿಳ್ಕೊಳ್ಳಿ, ಮೊದಲು ಹೇಳಿದ್ದನ್ನು ಸ್ವಲ್ಪ ಹಿಂದೆ ಎಳೆಯುವುದು. ಹೋಟೆಲ್ ಸಣ್ಣದು, ಕೂರ್ಲಿಕ್ಕೂ ಜಾಗ ಇಲ್ಲ, ಮೈಂಡ್ ಯೂ, ಗೋಳಿಬಜೆ ಮಾತ್ರ ಅಲ್ಲಿಯದ್ದೇ ಆಗ್ಬೇಕು. ಆಡಿಯೋದಲ್ಲಿ ಇದು ಬಂದ ಕೂಡ್ಲೇ ಕಿವಿ ನೆಟ್ಟಗೆ ಮಾಡಿ, ಪೇಷಂಟ್ ‘ನೋವು ಕಡಿಮೆ ಆಗಿದೆ’ ಅಂದು ‘ಮೈಂಡ್ ಯೂ’ ಅಂದ್ರೆ ನಿಜವಾದ ತೊಂದರೆ ಅದರ ಹಿಂದೆ ಬರ್ಲಿಕ್ಕುಂಟು.

‘ನೆವರ್ ಮೈಂಡ್’ ಅಂದ್ರೆ ‘ಇರ್ಲಿ ಬಿಡಿ’. ಮಧ್ಯದಲ್ಲಿ ‘ಯೂ’ ಸೇರಿ ‘ನೆವರ್ ಯೂ ಮೈಂಡ್’ ಆದ್ರೆ ‘ನಿನಗ್ಯಾಕೆ ಅದೆಲ್ಲ’ ಅಂತ ಆಗ್ತದೆ, ಪೇಷಂಟಿಗೆ ಅಪ್ಪಿತಪ್ಪಿಯೂ ಹೇಳ್ಬೇಡಿ. ಹಾಗೇ ಕ್ಯೂನಲ್ಲಿ ಯಾರನ್ನಾದ್ರೂ ತಾಗಿಸಿದಾಗ ಅವರು ತಿರುಗಿ ‘ಡು ಯೂ ಮೈಂಡ್!’ ಅಂದ್ರೆ ಅದಕ್ಕೆ ‘ನಾಟ್ ಅಟ್ ಆಲ್’ ಅಂತ ಉತ್ತರ ಕೊಡ್ಲಿಕ್ಕೆ ಹೋಗ್ಬೇಡಿ, ಅದು ಪ್ರಶ್ನೆ ಅಲ್ಲ, ಬೈಗುಳ. ಸಾರಿ ಹೇಳಿ ಜಾರಿಕೊಳ್ಳುವುದು.

ತೊಕ್ಕೊಟ್ಟಿನವ:

ನಮ್ಮ ಮೈಂಡ್ ಮಾಡುವುದನ್ನು ಯಾರೂ ಮೈಂಡೇ ಮಾಡ್ಲಿಲ್ಲ ಇಲ್ಲಿ 😒 ಅದು ಅಲ್ಲಿ ನಡೀತದಾ ಇಲ್ವಾ ಹೇಳಿ.

ಡಬ್ಲಿನ್_ಅಕ್ಕ:

ನಡೆಯುದಿಲ್ಲ ಅಣ್ಣ. ‘ದ ಡಾಕ್ಟರ್ ಡಿಡ್‌ನ್ಟ್ ಮೈಂಡ್ ಮಿ’ ಅಂತ ಇಲ್ಲಿ ಹೇಳಿದ್ರೆ ಡಾಕ್ಟ್ರಿಗೆ ನನ್ನಿಂದ ತೊಂದರೆ ಆಗ್ಲಿಲ್ಲ ಅಂತ್ಲೋ, ಡಾಕ್ಟ್ರು ನನ್ನನ್ನು ಸರಿ ನೋಡ್ಕೊಳ್ಳಲಿಲ್ಲ ಅಂತ್ಲೋ ಆಗ್ತದೆ. ಎರಡನೇದಕ್ಕೆ ಕಂಪ್ಲೇಂಟ್ ಫಾರ್ಮ್ ತಂದು ಕೊಟ್ಟಾರು. ‘ಇಗ್ನೋರ್ಡ್ ಮಿ’ ಅಂತ ಹೇಳ್ಬೇಕು, ಇಲ್ಲದಿದ್ರೆ ‘ಟುಕ್ ನೋ ನೋಟಿಸ್ ಆಫ್ ಮಿ’. ನಿಮ್ಮದನ್ನು ತೊಕ್ಕೊಟ್ಟು ಜಂಕ್ಷನಲ್ಲೇ ಇಟ್ಕೊಳ್ಳಿ, ಅಲ್ಲಿ ಅದು ಸರಿಯಾಗೇ ಓಡ್ತದೆ.